ಅತ್ತೆಗೊಂದು ಗಾಡಿ

ಅತ್ತೆಯ ಎಡಗಿವಿ ಬಲಗಿವಿಯ ಹಾಗಿರಲಿಲ್ಲ. ಅದರ ಮೇಲಂಚು ತಲೆಗೆ ಒತ್ತಿಕೊಂಡು, ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿತ್ತು. ಮೂವತ್ತು ಚಿಲ್ಲರೆ ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ತೊಟ್ಟು ಕೂತಿದ್ದರ ಗುರುತು ಅದು. ನಿವೃತ್ತಿಯಾದ ಮೇಲೂ ಯಾರಾದರೂ ಮಾತಾಡಿಸಿದರೆ ಆ ಕಿವಿಯನ್ನು ಸ್ವಲ್ಪ ಮುಂದೆ ಮಾಡಿ, ಕಣ್ಣು ಅರೆಮುಚ್ಚಿ ಕೇಳುತ್ತಿದ್ದರು. "ಮುಖ ನೋಡಿದ್ರೆ ಮಾತು ಸರಿಯಾಗಿ ಕೇಳ್ಸಲ್ಲ ಕಣೋ" ಎನ್ನುತ್ತಿದ್ದರು. ಸುಳ್ಳು ಹೇಳುವವರು ಮಾತಿಗೆ ಮುಂಚೆ ಸಣ್ಣಗೊಂದು ಉಸಿರು ಎಳೆದುಕೊಳ್ಳುತ್ತಾರೆ ಎಂಬುದು ಅವರು ಕಂಡುಕೊಂಡಿದ್ದ ಸತ್ಯ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗಲೂ "ಲೈನಲ್ಲಿರು, ಬಂದೆ" ಎಂದೇ ಎದ್ದು ಹೋಗುವರು.

ಅವರು ನಮ್ಮ ತಂದೆಯ ತಂಗಿ. ಮದುವೆಯಾಗಿರಲಿಲ್ಲ. ಯಾಕೆ ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ರಾಜಾಜಿನಗರದ ಬಾಡಿಗೆ ಮನೆಯಲ್ಲಿ ಅಜ್ಜಿಯನ್ನು ಕೊನೆಯವರೆಗೆ ನೋಡಿಕೊಂಡರು. ಅಜ್ಜಿಯ ತವರಿನ ಪಾಲಾಗಿ ಬಂದಿದ್ದ ಎರಡು ಎಕರೆ ಜಮೀನು ಕೆಂಗೇರಿಯಿಂದ ಆಚೆ, ರಾಮೋಹಳ್ಳಿಯನ್ನೂ ದಾಟಿದ ಮೇಲೆ ಇತ್ತು. ಬರೀ ಲಂಟಾನ ಬೆಳೆದು ಬಿದ್ದಿದ್ದ ಜಾಗ. ನಿವೃತ್ತಿಯಾದ ವರ್ಷವೇ ಅತ್ತೆ ಬಾಡಿಗೆ ಮನೆ ಖಾಲಿ ಮಾಡಿ, ಅಲ್ಲಿ ಶೀಟಿನ ಎರಡು ಕೋಣೆ ಎಬ್ಬಿಸಿ, ಬೋರ್ ಹಾಕಿಸಿ, ಸೀಬೆ ಗಿಡ ನೆಟ್ಟರು. ಅರವತ್ತರ ಹೆಂಗಸು, ಒಬ್ಬಳೇ, ಕೃಷಿಯ ಗಂಧ ಗಾಳಿ ಗೊತ್ತಿಲ್ಲ ಎಂದು ನೆಂಟರೆಲ್ಲ ಆಡಿಕೊಂಡರು. ಮೂರನೇ ವರ್ಷಕ್ಕೆ ಸೀಬೆಕಾಯಿ ಕೆಂಗೇರಿಯ ಅಂಗಡಿಗಳಿಗೆ ಬರತೊಡಗಿದ ಮೇಲೆ ಸುಮ್ಮನಾದರು.

ಗಿಡಗಳ ಸಾಲಿಗೆಲ್ಲ ಅವರು ಊರಿನ ಹೆಸರಿಟ್ಟಿದ್ದರು. ಮನೆಯ ಹತ್ತಿರದ್ದು ಮೈಸೂರು, ಆಮೇಲೆ ಹಾಸನ, ಹುಬ್ಬಳ್ಳಿ, ಮದ್ರಾಸು. ಇಳಿಜಾರಿನ ತುದಿಯಲ್ಲಿ, ಹಳ್ಳದ ಅಂಚಿಗೆ ಇದ್ದ ಕೊನೆಯ ಸಾಲು ಬೊಂಬಾಯಿ. ಹಿಂದೆ ಎಕ್ಸ್‌ಚೇಂಜಿನಲ್ಲಿ ದೂರದ ಊರುಗಳಿಗೆ ಟ್ರಂಕ್ ಕಾಲ್ ಜೋಡಿಸುವಾಗ ಇದ್ದ ಕ್ರಮವೇ ಅದಂತೆ. "ಹುಬ್ಬಳ್ಳಿಗೆ ನೀರಾಯ್ತು, ಮದ್ರಾಸಿಗೆ ತಿರುಗ್ಸು" ಎಂದು ನನಗೆ ಕೂಗಿ ಹೇಳುವರು. ನೈಲಾನ್ ಸೀರೆಯ ಮೇಲೆ ನಮ್ಮ ತಂದೆಯ ಹಳೆಯ ತುಂಬು ತೋಳಿನ ಶರಟು, ಕಾಲಿಗೆ ಕ್ಯಾನ್‌ವಾಸ್ ಬೂಟು. ಇದು ಅವರ ವೇಷ.

ಎಪ್ಪತ್ಮೂರನೆಯ ವಯಸ್ಸಿನಲ್ಲಿ, ಒಂದು ಅಕ್ಟೋಬರಿನ ಮಳೆಯ ಮರುದಿನ, ಅವರು ಬೊಂಬಾಯಿ ಸಾಲಿನಲ್ಲಿ ಜಾರಿ ಬಿದ್ದರು. ಕೈಯಲ್ಲಿ ಕಾಯಿ ತುಂಬಿದ ಕ್ರೇಟು ಇತ್ತು. ಎಡಮಂಡಿಯ ಚಿಪ್ಪು ಒಡೆಯಿತು. ಬಿದ್ದದ್ದು ಬೆಳಗ್ಗೆ ಎಂಟಕ್ಕೆ. ಪಕ್ಕದ ಹೊಲದಲ್ಲಿ ಸೇವಂತಿಗೆ ಬೆಳೆಯುವ ಹೆಂಗಸಿಗೆ ಅವರ ಕೂಗು ಕೇಳಿಸಿದಾಗ ಮಧ್ಯಾಹ್ನವಾಗಿತ್ತು. ಜೀವಮಾನವೆಲ್ಲ ಫೋನಿನ ಜೊತೆ ಬದುಕಿದ ಅತ್ತೆಯ ಫೋನು ಆ ಹೊತ್ತು ಮನೆಯೊಳಗೆ ಚಾರ್ಜಿಗಿತ್ತು.

ಆಪರೇಷನ್ ಆದ ಮೇಲೆ ಅವರನ್ನು ವಿಜಯನಗರಕ್ಕೆ, ನನ್ನ ಮನೆಗೆ ಕರೆತಂದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ನನ್ನ ಹೆಂಡತಿ ತೀರಿಕೊಂಡು ಆಗ ಮೂರು ವರ್ಷ. ಮಕ್ಕಳಿಲ್ಲ. ಶಾಲೆಯಿಂದ ಬಂದು ಬೀಗ ತೆಗೆದರೆ ಬೆಳಗ್ಗೆ ನಾನಿಟ್ಟ ಲೋಟ ಇಟ್ಟ ಜಾಗದಲ್ಲೇ ಇರುತ್ತಿತ್ತು. ಟಿವಿಯನ್ನು ಯಾವ ಚಾನೆಲ್ ಎಂದೂ ನೋಡದೆ ಹಾಕಿ, ನಾನು ಅಡುಗೆಮನೆಯಲ್ಲಿ ನಿಂತು ಊಟ ಮಾಡಿಬಿಡುತ್ತಿದ್ದೆ.

ಅಂಥ ಮನೆಗೆ ಅತ್ತೆ ಬಂದರು. ಹಾಲ್‌ನ ಕಿಟಕಿಯ ಪಕ್ಕ ಮಂಚ ಹಾಕಿಕೊಟ್ಟೆ. ಮೊದಲ ವಾರದಲ್ಲೇ ಹಾಲಿನವನ, ಪೇಪರಿನವನ, ಮೇಲಿನ ಮನೆಯವರ ನಂಬರೆಲ್ಲ ಅವರಿಗೆ ಬಾಯಿಪಾಠ. ಸಾಲ ಬೇಕೇ ಎಂದು ಕೇಳುವ ಫೋನು ಬಂದರೆ ನಾನು ಕತ್ತರಿಸಲು ಹೋಗುತ್ತಿದ್ದೆ, ಅವರು ಕೈಚಾಚಿ ಇಸಿದುಕೊಂಡು, "ಸಾಲ ಬೇಡಮ್ಮ. ನಿನ್ ಶಿಫ್ಟ್ ಎಷ್ಟಕ್ಕೆ ಮುಗಿಯುತ್ತೆ? ಮಧ್ಯೆ ನೀರು ಕುಡಿಯೋಕೆ ಬಿಡ್ತಾರಾ? ಗಂಟಲು ಒಣಗಿದೆ ನೋಡು ನಿಂದು" ಎಂದು ಹತ್ತು ನಿಮಿಷ ಮಾತಾಡುತ್ತಿದ್ದರು. ಸಂಜೆ ನಾನು ಗೇಟು ತೆಗೆದರೆ ಸಾಕು, ಒಳಗಿಂದ "ಕಾಫಿ ಡಿಕಾಕ್ಷನ್ ಇಳಿದಿದೆ, ಹಾಲೊಂದು ಕಾಯಿಸ್ಕೋ" ಎಂಬ ಧ್ವನಿ. ಆ ಒಂದು ಮಾತಿಗಾಗಿ ನಾನು ಸ್ಟಾಫ್ ರೂಮಿನಲ್ಲಿ ಹರಟೆಗೆ ನಿಲ್ಲದೆ ಮನೆಗೆ ಓಡಿ ಬರುತ್ತಿದ್ದೆ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮಂಡಿ ಇನ್ನು ಅರ್ಧಕ್ಕಿಂತ ಹೆಚ್ಚು ಮಡಚಲ್ಲ. ಮನೇಲಿ ಓಡಾಡ್ಕೊಂಡು ಇರಬಹುದು. ಏರು ತಗ್ಗಲ್ಲಿ ಭಾರ ಹೊತ್ಕೊಂಡು ನಡಿಯೋದು ಮಾತ್ರ ಬೇಡ. ತೋಟ ಗೀಟ ಮರೆತುಬಿಡೋಕೆ ಹೇಳಿ" ಎಂದರು. ನಾನು ಮುಖ ಸಪ್ಪಗೆ ಮಾಡಿಕೊಂಡು ತಲೆಯಾಡಿಸಿದೆ. ಒಳಗೊಳಗೆ ನನಗಾದದ್ದು ಸಮಾಧಾನ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ನಾನು ಹೇಳಿದಾಗ ಅತ್ತೆ ಅಳಲಿಲ್ಲ. ಮೂರನೆಯ ದಿನ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ದುಂಡು ಅಕ್ಷರದಲ್ಲಿ ಬರೆದು ನನ್ನ ಕೈಗಿಟ್ಟರು. "ನಡಿಬಾರ್ದು ಅಂದ್ರು ತಾನೇ? ಕೂತ್ಕೊಂಡು ಓಡಾಡಬಾರ್ದು ಅಂತ ಯಾರೂ ಹೇಳಿಲ್ಲ. ಇಂಥ ಗಾಡಿ ಹುಡ್ಕು."

ಕ್ಲಚ್ ಇರಬಾರದು, ಎಡಗಾಲಿಗೆ ಒತ್ತುವ ಶಕ್ತಿ ಇಲ್ಲ. ಹತ್ತುವ ಮೆಟ್ಟಿಲು ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು. ಸೀಟು ಸೊಂಟದ ಮಟ್ಟಕ್ಕಿರಬೇಕು, ಪಕ್ಕಕ್ಕೆ ಕೂತು ಆಮೇಲೆ ಕಾಲು ಒಳಗೆ ತೆಗೆದುಕೊಳ್ಳುವ ಹಾಗೆ. ಎರಡು ಸಾಲಿನ ನಡುವೆ ಕೊಂಬೆ ತಾಗದೆ ಹೋಗುವಷ್ಟು ಅಗಲ. ಹಿಂದೆ ನಾಲ್ಕು ಕ್ರೇಟು, ಒಂದು ಗೊಬ್ಬರದ ಮೂಟೆ. ರಿವರ್ಸ್ ಬೇಕೇ ಬೇಕು. ಕೊನೆಯ ಸಾಲಿನ ಕೆಳಗೆ ಎರಡು ಸಲ ಗೆರೆ ಎಳೆದಿದ್ದರು: ಬೊಂಬಾಯಿ ಇಳಿಜಾರಿನಲ್ಲಿ ನಿಲ್ಲಿಸಿದರೆ ನಿಂತಲ್ಲೇ ನಿಲ್ಲಬೇಕು.

"ನೋಡ್ತೀನಿ ಅತ್ತೆ" ಎಂದೆ. ಮಡಚಿ ಜೇಬಿಗಿಟ್ಟುಕೊಂಡು ಒಂದು ತಿಂಗಳು ಸುಮ್ಮನಿದ್ದೆ.

ಅವರು ದಿನಾ ಕೇಳುತ್ತಿದ್ದರು. ಕೊನೆಗೆ ಜನವರಿಯ ಒಂದು ಭಾನುವಾರ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿಗೆ ಹೋದೆ. ಹಳೆ ಗಾಡಿಗಳನ್ನು ರಿಪೇರಿ ಮಾಡಿ ಮಾರುವ ಜಾಗ. ಮಾಲೀಕರನ್ನು ಎಲ್ಲರೂ ಭಾಯ್ ಎನ್ನುತ್ತಿದ್ದರು. ಬಿಳಿ ಗಡ್ಡ, ನಮ್ಮಿಬ್ಬರ ನಡುವಿನ ವಯಸ್ಸು. ಅಲ್ಲಿ ಒಂದು ಹಳೆಯ ಜೀಪು ನಿಂತಿತ್ತು. ಅದರ ಮೆಟ್ಟಿಲು ಎಷ್ಟು ಎತ್ತರ, ಕ್ಲಚ್ ಎಂಥ ಕಲ್ಲು ಎಂದು ನಾನು ಹಿಂದಿನ ದಿನವೇ ಬಂದು ನೋಡಿಹೋಗಿದ್ದೆ. ಆದರೂ, "ಇದು ಗಟ್ಟಿಮುಟ್ಟು ಗಾಡಿ ಅತ್ತೆ, ನೋಡಿ" ಎಂದೆ.

ಅತ್ತೆ ಜೀಪಿನ ಕಂಬಿ ಹಿಡಿದರು. ಬಲಗಾಲು ಎತ್ತಿದರು. ಎಡಗಾಲು ಮೇಲೆ ಬರಲಿಲ್ಲ. ಇನ್ನೊಂದು ಸಲ. ಮತ್ತೊಂದು ಸಲ. ನಾನು ಒಂದು ಕಡೆಯಿಂದ, ಭಾಯ್ ಒಂದು ಕಡೆಯಿಂದ ಹಿಡಿದು ಎತ್ತಿದೆವು. ಆ ಎತ್ತಾಟದಲ್ಲಿ ಅವರ ಸೆರಗು ಜಾರಿತು. ಪಕ್ಕದ ಗೋಡೌನಿನ ಹಮಾಲಿಗಳು ಬೀಡಿ ಸೇದುತ್ತ ನೋಡುತ್ತಿದ್ದರು. ಸೀಟಿನ ಮೇಲೆ ಕೂತ ಅತ್ತೆ ಎರಡು ಕೈಯಿಂದ ಸೆರಗು ಸರಿಮಾಡಿಕೊಂಡು, ಸ್ಟಿಯರಿಂಗ್ ಮುಟ್ಟದೆ, "ಇಳಿಸಪ್ಪ" ಎಂದರು. ಅಷ್ಟೇ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಆ ಮಾತಿಗೇ ನಾನು ಸೋಲಬೇಕಿತ್ತು. ಸೋಲಲಿಲ್ಲ.

ಭಾಯ್‌ಗೆ ಮಾತ್ರ ಮನಸ್ಸು ಚುಚ್ಚಿತು. ಸ್ಟೂಲು ಹಾಕಿ ಕೂರಿಸಿ, ಟೀ ತರಿಸಿ, ಕ್ಯಾಲೆಂಡರ್ ಹಾಳೆಯನ್ನು ಅತ್ತೆಯಿಂದಲೇ ಓದಿಸಿಕೊಂಡು ಕೇಳಿದರು. ಮೂರು ಚಕ್ರದ ಲಗೇಜ್ ಆಟೋ ಒಂದಿದೆ ಎಂದರು. "ಬೇಡ ಭಾಯ್, ಮೂರು ಚಕ್ರ ಇಳಿಜಾರಲ್ಲಿ ಮಗುಚ್ಕೊಳುತ್ತೆ" ಎಂದರು ಅತ್ತೆ. ಭಾಯ್ ಯೋಚಿಸಿ, "ಅಮ್ಮಾ, ಒಂದು ರೆಸಾರ್ಟಿಂದು ಬ್ಯಾಟರಿ ಗಾಡಿ ಬರೋದೈತೆ. ಗೆಸ್ಟ್‌ಗಳನ್ನ ರೂಮಿಗೆ ಬಿಡ್ತಾರಲ್ಲ, ಅದು. ಕ್ಲಚ್ ಇಲ್ಲ, ಗೇರ್ ಇಲ್ಲ. ಹಿಂದಿನ ಸೀಟು ಕಿತ್ತು ತೊಟ್ಟಿ ಕೂರಿಸಿಕೊಡ್ತೀನಿ. ಒಂದು ವಾರ ಬಿಟ್ಟು ಬನ್ನಿ" ಎಂದರು.

ವಾರ ಬಿಟ್ಟು ನಾನೊಬ್ಬನೇ ಹೋದೆ. ಗಾಡಿ ಬಂದಿತ್ತು. ಬಿಳಿ ಬಣ್ಣ, ನಾಲ್ಕು ಪುಟ್ಟ ಚಕ್ರ, ಮೇಲೊಂದು ತಗಡಿನ ಚಪ್ಪರ. ಮೆಟ್ಟಿಲಿಗೆ ಕೈಯಿಟ್ಟು ನೋಡಿದೆ. ಒಂದು ಗೇಣು ಕೂಡ ಇರಲಿಲ್ಲ. ಸೀಟು ಸೊಂಟದ ಮಟ್ಟಕ್ಕೇ ಇತ್ತು. ಹಾಳೆಯಲ್ಲಿ ಬರೆದದ್ದನ್ನೆಲ್ಲ ಯಾರೋ ಓದಿ ಮಾಡಿಸಿದ ಹಾಗಿತ್ತು. ನಾನು ಅದರ ಸುತ್ತ ಎರಡು ಸುತ್ತು ಬಂದು, "ನಮಗೆ ಸರಿಹೋಗಲ್ಲ ಭಾಯ್, ಬೇರೆಯವರಿಗೆ ಕೊಟ್ಟುಬಿಡಿ" ಎಂದೆ. ಅವರು ನನ್ನನ್ನೊಮ್ಮೆ ನೋಡಿ, "ನಿಮ್ಮಿಷ್ಟ ಸಾರ್" ಎಂದರು.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ವಾಕರ್ ಹಿಡಿದು ನಿಂತೇ ಇದ್ದರು. "ಬಂದಿತ್ತಾ?" ಎಂದರು.

"ಬಂದಿತ್ತಂತೆ ಅತ್ತೆ. ನಾನು ಹೋಗೋಷ್ಟರಲ್ಲಿ ಯಾರೋ ತಗೊಂಡುಬಿಟ್ಟಿದ್ರು."

ಅವರು ಎಡಗಿವಿಯನ್ನು ನನ್ನ ಕಡೆ ಮಾಡಿ ಒಂದು ಕ್ಷಣ ನಿಂತರು. ಆಮೇಲೆ "ಹೋಗ್ಲಿ ಬಿಡು" ಎಂದು ಹೋಗಿ ಮಂಚದ ಮೇಲೆ ಕೂತರು.

ಮರುದಿನ ಸಂಜೆ ಶಾಲೆಯಿಂದ ಬಂದು ಗೇಟು ತೆಗೆದೆ. ಡಿಕಾಕ್ಷನ್ ಮಾತಿಲ್ಲ. ಒಳಗೆ ಅತ್ತೆ ಪೇಪರ್ ಹರಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತಲಿಲ್ಲ.

"ನಾಯಂಡಹಳ್ಳಿಗೆ ಫೋನ್ ಮಾಡಿದ್ದೆ" ಎಂದರು.

ಆ ಅಂಗಡಿಯ ಬೋರ್ಡಿನಲ್ಲಿ ನಂಬರಿತ್ತು. ಅತ್ತೆ ಟೀ ಕುಡಿಯುತ್ತ ಅದರ ಎದುರೇ ಕೂತಿದ್ದರು. ನನಗೆ ಹೊಳೆದಿರಲಿಲ್ಲ.

"ಅಮ್ಮಾ, ಗಾಡಿ ಇಲ್ಲೇ ಐತೆ, ನಿಮ್ ಸಾರೇ ಬೇಡ ಅಂದ್ರು ಅಂತ ಹೇಳಿದ ಅವನು. ಪಾಪ, ಅವನಿಗೇ ಒಂಥರಾ ಆಗಿತ್ತು."

ನಾನು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದೆ. ಬೈಯುತ್ತಾರೆ ಎಂದು ಕಾದೆ. ಅವರು ಇನ್ನೆರಡು ಕಾಯಿ ಸುಲಿದರು.

"ಜೀಪಿಂದೂ ನಿಂಗೆ ಮೊದ್ಲೇ ಗೊತ್ತಿತ್ತು, ಅಲ್ವಾ?"

ನಾನು ತಲೆಯಾಡಿಸಿದೆ. ಅವರು ನೋಡುತ್ತಿರಲಿಲ್ಲ. ಬಾಯಿಬಿಟ್ಟು "ಹೂಂ" ಎನ್ನಬೇಕಾಯಿತು.

"ನಾನು ಇಲ್ಲೇ ಇರ್ಬೇಕು ಅಂತ ನಿಂಗಿದ್ರೆ, ಇರಿ ಅತ್ತೆ ಅಂತ ಕೇಳ್ಬೇಕಿತ್ತು ಕಣೋ. ಕೇಳಿದ್ರೆ ಇದ್ದುಬಿಡ್ತಿದ್ನೋ ಏನೋ. ನಂಗೂ ಗೊತ್ತಿಲ್ಲ. ನೀನು ಕೇಳ್ಲಿಲ್ಲ."

ಆಗಲೂ ಕೇಳಬಹುದಿತ್ತು. ಅವರು ಕಾಯುತ್ತಿದ್ದರೆಂದೇ ಈಗ ನನಗೆ ಅನ್ನಿಸುತ್ತದೆ. ಕೈಯಲ್ಲಿದ್ದ ಅವರೆಕಾಯಿಯನ್ನು ಸುಲಿಯದೆ ಹಿಡಿದುಕೊಂಡೇ ಇದ್ದರು. ಐವತ್ತಾರು ವರ್ಷದ ಗಂಡಸು ನಾನು, ಬ್ಯಾಗನ್ನು ಹೆಗಲಿಂದ ಇಳಿಸಿ ಕುರ್ಚಿಯ ಮೇಲಿಟ್ಟೆ. "ನಾಳೆ ರಜ ಹಾಕ್ತೀನಿ, ಹೋಗಿ ಗಾಡಿ ನೋಡ್ಕೊಂಡು ಬರೋಣ" ಎಂದೆ. ಅವರು ಆ ಕಾಯಿಯನ್ನು ಸುಲಿದು, ಕಾಳನ್ನು ಬೋಗುಣಿಗೆ ಹಾಕಿದರು.

ಮರುದಿನ ನಾಯಂಡಹಳ್ಳಿಯಲ್ಲಿ ಅತ್ತೆ ಆ ಗಾಡಿಯ ಸೀಟಿನ ಮೇಲೆ ಪಕ್ಕಕ್ಕೆ ಕೂತು, ಎಡಗಾಲನ್ನು ಎರಡು ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಯಾರ ಕೈಯೂ ಬೇಕಾಗಲಿಲ್ಲ. ಭಾಯ್ ತೋರಿಸಿದಂತೆ ಬಲಗಾಲಿನಲ್ಲಿ ಪೆಡಲು ಒತ್ತಿದರು. ಗಾಡಿ ಒಂದಿಷ್ಟೂ ಸದ್ದಿಲ್ಲದೆ ಮುಂದಕ್ಕೆ ಸರಿದಾಗ ಅವರು ಚಿಕ್ಕ ಹುಡುಗಿಯ ಹಾಗೆ ಜೋರಾಗಿ ನಕ್ಕರು. ಆಮೇಲೆ ಮುಖ ಗಂಭೀರ ಮಾಡಿಕೊಂಡು, ಹಿಂದೆ ಎರಡು ಮರಳಿನ ಮೂಟೆ ಹಾಕಿಸಿ, ಗೋಡೌನಿನ ಇಳಿಜಾರಿನ ನಡುವೆ ಗಾಡಿ ನಿಲ್ಲಿಸಿ ಬ್ರೇಕ್ ಎಳೆದು, ಕೈಗಡಿಯಾರ ನೋಡುತ್ತ ಹತ್ತು ನಿಮಿಷ ಕೂತರು. ಕದಲಲಿಲ್ಲ. "ಈಗ ಸರಿ" ಎಂದರು. ಕೆಸರಿಗೆ ಹಿಡಿತ ಸಿಗುವಂಥ ದಪ್ಪ ಹಲ್ಲಿನ ಟೈರು, ಹತ್ತಲು ಕೈ ಹಿಡಿದುಕೊಳ್ಳುವ ಒಂದು ಕಂಬಿ, ಹಿಂದೆ ತೊಟ್ಟಿ ಹಾಕಿಸಿಕೊಂಡರು. ಭಾಯ್ ತಾವೇ ಟೆಂಪೋದಲ್ಲಿ ತೋಟಕ್ಕೆ ತಂದು ಇಳಿಸಿದರು. ಟಾರು ರಸ್ತೆಗೆ ಮಾತ್ರ ತರಬೇಡಿ ಎಂದು ಹೇಳಿ ಹೋದರು.

ಅತ್ತೆ ಹೊರಟ ಮೇಲೆ ಹಾಲ್‌ನ ಮಂಚವನ್ನು ನಾನು ತುಂಬಾ ದಿನ ಎತ್ತಿಡಲಿಲ್ಲ.

ಭಾನುವಾರ ಭಾನುವಾರ ತೋಟಕ್ಕೆ ಹೋಗತೊಡಗಿದೆ. ಮೆಟ್ರೋದಲ್ಲಿ ಕೆಂಗೇರಿಗೆ, ಅಲ್ಲಿಂದ ಬಸ್ಸು. ಬಸ್ಸು ಇಳಿದು ಸ್ವಲ್ಪ ದೂರ ನಡೆದು, ಹೊಂಗೆ ಮರದ ಹತ್ತಿರ ಮಣ್ಣಿನ ದಾರಿಗೆ ತಿರುಗಿದರೆ ಐದಾರು ನಿಮಿಷದ ನಡಿಗೆ. ನಾನು ಹೋದಾಗೆಲ್ಲ ಅತ್ತೆ ಹುಬ್ಬಳ್ಳಿಯಲ್ಲೋ ಮದ್ರಾಸಿನಲ್ಲೋ ಗಾಡಿ ನಿಲ್ಲಿಸಿಕೊಂಡು ಕೂತಲ್ಲಿಂದಲೇ ಕಾಯಿ ಬಿಡಿಸುತ್ತಿರುವರು. "ಓ, ಇವತ್ತು ಭಾನುವಾರಾನಾ? ನಂಗೆ ಗೊತ್ತೇ ಆಗ್ಲಿಲ್ಲ" ಎನ್ನುವರು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತೋಟವೆಲ್ಲ ಸುತ್ತಿಸುವರು. ಬೊಂಬಾಯಿ ಇಳಿಜಾರಿನಲ್ಲಿ ಬ್ರೇಕ್ ಎಳೆದು ನಿಲ್ಲಿಸಿ, ನಾನು ಹೆದರಿದೆನೇ ಎಂದು ಓರೆಗಣ್ಣಿನಲ್ಲಿ ನೋಡುವರು. ಮಧ್ಯಾಹ್ನ ಹುಳಿಯನ್ನ, ಸೀಬೆಕಾಯಿಯ ಗೊಜ್ಜು.

ನಾಲ್ಕೈದು ತಿಂಗಳಾದ ಮೇಲೆ ಒಂದು ದಿನ ಊಟ ಬಡಿಸುತ್ತ, "ಪ್ರತಿ ವಾರ ಓಡಿ ಬರ್ಬೇಡ್ವೋ. ನಂಗೂ ಕೆಲ್ಸ ಇರುತ್ತೆ. ನಿಂಗೆ ಅಡುಗೆ ಮಾಡ್ಕೊಂಡು ಕೂತ್ರೆ ಕಾಯಿ ಯಾರು ಬಿಡಿಸ್ತಾರೆ?" ಎಂದರು. ನನಗೆ ಸ್ವಲ್ಪ ನೋವಾಯಿತು. ನಿಜವೂ ಇರಬಹುದು ಅನ್ನಿಸಿತು. ಒಂಟಿತನ ನನ್ನ ಕಾಯಿಲೆ, ಅವರದಲ್ಲ. ಅವರಿಗೆ ಗಿಡಗಳಿವೆ, ಗಾಡಿಯಿದೆ, ಪಕ್ಕದ ಹೊಲದಾಕೆಯಿದ್ದಾಳೆ ಎಂದುಕೊಂಡೆ. ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕಾಯಿತು. ಪರೀಕ್ಷೆ, ಪೇಪರ್ ತಿದ್ದುವುದು, ಮಳೆ, ನೆಗಡಿ ಎಂದು ಒಮ್ಮೊಮ್ಮೆ ತಿಂಗಳೂ ಆಯಿತು. ಫೋನಿನಲ್ಲಿ ದಿನಾ ಮಾತಾಡುತ್ತಿದ್ದೆವು. ಅವರು ಒಂದು ಸಲವೂ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ.

ಗಾಡಿ ಬಂದು ಒಂದೂವರೆ ವರ್ಷದ ಮೇಲೆ, ಒಂದು ಬುಧವಾರ ಬೆಳಗ್ಗೆ, ನಾನು ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಸೇವಂತಿಗೆ ಹೊಲದಾಕೆಯ ಫೋನು ಬಂತು. ಅತ್ತೆ ಜಗಲಿಯ ಮೇಲೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದರಂತೆ. ಹೂವು ಕೀಳಲು ಹೊರಟ ಆಕೆ ಮಾತಾಡಿಸಿದರೆ ಉತ್ತರ ಬರಲಿಲ್ಲ. ನಾನು ಹೋಗುವ ಹೊತ್ತಿಗೆ ಮೈ ತಣ್ಣಗಾಗಿತ್ತು. ಗಾಡಿ ಶೆಡ್ಡಿನಲ್ಲಿ ಚಾರ್ಜಿಗೆ ನಿಂತಿತ್ತು. ಅದರ ಪ್ಲಗ್ಗನ್ನು ನಾನೇ ತೆಗೆದೆ.

ಎಲ್ಲ ಮುಗಿದು, ಬಂದವರು ಹೋದ ಮೇಲೆ, ಮನೆಗೆ ಬೀಗ ಹಾಕಲು ಹೋದ ದಿನ ಆಕೆ ಬೇಲಿಯ ಬಳಿ ಬಂದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಒಂದು ಮಾತು ಹೇಳ್ಬೋದಾ ಸಾರ್?" ಎಂದಳು.

"ಹೇಳಮ್ಮ."

"ಅವ್ರು ಇದ್ದಾಗ ಹೇಳಂಗಿರ್ಲಿಲ್ಲ, ಹೇಳಿದ್ರೆ ನಿನ್ ಮಾತು ಬಿಡ್ತೀನಿ ಅಂದಿದ್ರು. ಭಾನುವಾರ ಹತ್ತು ಗಂಟೆಗೆಲ್ಲ ತಲೆ ಬಾಚ್ಕೊಂಡು, ಬೇರೆ ಸೀರೆ ಉಟ್ಕೊಂಡು, ಗಾಡಿ ತಗೊಂಡು ಹೋಗಿ ಹೊಂಗೆ ಮರದ ಮರೇಲಿ ನಿಂತ್ಕೊಳೋರು. ನೀವು ಬಸ್ಸಿಂದ ಇಳಿಯೋದು ಕಂಡ್ರೆ ಸಾಕು, ಗಾಡಿ ತಿರುಗಿಸ್ಕೊಂಡು ಒಳಗೆ ಹೋಗಿ, ಮೇಲೆ ಆ ಹಳೇ ಶರಟು ಹಾಕ್ಕೊಂಡು ಕಾಯಿ ಬಿಡಿಸ್ತಾ ಕೂತ್ಕೊಳೋರು. ಆ ಗಾಡಿಗೆ ಸದ್ದಿಲ್ವಲ್ಲ, ನಿಮಗೆಲ್ಲಿ ಗೊತ್ತಾಗ್ಬೇಕು?"

ನಾನು ಬೀಗ ಹಿಡಿದುಕೊಂಡು ನಿಂತಿದ್ದೆ. ಕೇಳಲು ಭಯವಾಯಿತು. ಆದರೂ ಈ ಸಲ ಕೇಳಿದೆ. "ನಾನು ಬರದೇ ಇದ್ದ ಭಾನುವಾರ?"

"ಎರಡನೇ ಬಸ್ಸು ಹೋಗೋವರೆಗೂ ಇರೋರು ಸಾರ್. ಆಮೇಲೆ ನನ್ನ ಕೂಗಿ, ಹುಳಿಯನ್ನ ಜಾಸ್ತಿ ಮಾಡ್ಬಿಟ್ಟಿದೀನಿ, ಬಾ ಊಟ ಮಾಡು ಅನ್ನೋರು."

ಬಸ್ಸಿಗೆಂದು ನಡೆದುಕೊಂಡು ಬಂದೆ. ಹೊಂಗೆ ಮರದ ಬುಡದಲ್ಲಿ ದಪ್ಪ ಹಲ್ಲಿನ ಟೈರುಗಳು ಒಂದೇ ಜಾಗದಲ್ಲಿ ತಿರುಗಿ ತಿರುಗಿ ಹುಲ್ಲು ಸತ್ತು, ಮಣ್ಣು ದುಂಡಗೆ ಗಟ್ಟಿಯಾಗಿತ್ತು. ಅಲ್ಲಿ ನಿಂತರೆ ರಸ್ತೆಯ ತಿರುವಿನಲ್ಲಿ ಬಸ್ಸು ಬರುವುದು ದೂರದಿಂದಲೇ ಕಾಣುತ್ತದೆ. ಬಸ್ಸು ಬಂತು. ಇಬ್ಬರು ಹೆಂಗಸರು, ಒಬ್ಬ ಮುದುಕ ಇಳಿದರು. ಕಂಡಕ್ಟರು ನನ್ನ ಕಡೆ ನೋಡಿ "ಬರ್ತೀರಾ ಸಾರ್?" ಎಂದು ಕೂಗಿದ. ನಾನು ಕೈಯಾಡಿಸಿ ಹೋಗು ಎಂದೆ. ಎರಡನೇ ಬಸ್ಸು ಬರುವವರೆಗೂ ಅಲ್ಲೇ ನಿಂತಿದ್ದೆ.